ಹೆಲ್ಮೆಟ್ಟಿನೊಳಗಿನ ಸೊಟ್ಟ ರಸ್ತೆ

"ಲೇ ಜಾರ್ಗೈ, ಟೀ ಹೇಳ್ಲಾ!"

ಮಾಲೀಕ ನಾಗಭೂಷಣ ಹೀಗೆ ಕೂಗಿದ್ದೇ ಶಿವಮೂರ್ತಿಗೆ ಮೈಯೆಲ್ಲ ಉರಿದುಹೋಯಿತು. ಗುಬ್ಬಿಯಲ್ಲಿ ಒಂಬತ್ತನೇ ಕ್ಲಾಸಿಗೇ ಪುಸ್ತಕ ಮೂಲೆಗೆಸೆದು, ತುಮಕೂರು ಬಸ್‌ಸ್ಟ್ಯಾಂಡ್ ಹಿಂದಿನ ನಾಗಭೂಷಣನ ವಿಡಿಯೋ ಗೇಮ್ ಅಂಗಡಿಗೆ ಬಂದವನು ಅವನು. ಈ ವರ್ಷದ ಆಯುಧಪೂಜೆಯವರೆಗೂ ಅಪ್ಪ ಅಮ್ಮ ಇಟ್ಟ ಹೆಸರೇ ಅವನಿಗಿತ್ತು. ಈಗ ಎಲ್ಲರಿಗೂ ಅವನು ಜಾರುಗೈ, ಹಿಡಿದದ್ದನ್ನೆಲ್ಲ ಬೀಳಿಸುವವನು. ಎದುರಿನ ಟೀ ಅಂಗಡಿ ಚಿಕ್ಕಬೀರಯ್ಯನೂ ಲೋಟ ಕೊಡುವಾಗ, "ಜೋಪಾನ ಕಣ್ಲಾ ಜಾರ್ಗೈ, ಇದನ್ನೂ ಕೆಡವೀಯ" ಎಂದು ಹಲ್ಲು ಕಿರಿಯುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಹೆಲ್ಮೆಟ್ಟು. ತಲೆಗೆ ಹಾಕಿಕೊಂಡರೆ ಕಣ್ಣಿಗೇ ಟಿವಿ ಅಂಟಿಸಿದ ಹಾಗೆ. ನೀವು ತಲೆ ಎತ್ತ ತಿರುಗಿಸಿದರೆ ಅತ್ತಲಿನ ದೃಶ್ಯ ಕಾಣುತ್ತಿತ್ತು. ನಾಗಭೂಷಣ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಅದರಲ್ಲಿ ಕಾರ್ ರೇಸ್ ಆಡಲು ಕುಣಿಗಲ್‌ನಿಂದೆಲ್ಲ ಹುಡುಗರು ಬರುತ್ತಿದ್ದರು. ಆಯುಧಪೂಜೆಯ ದಿನ ಶಿವಮೂರ್ತಿಯೇ ಅದನ್ನೆತ್ತಿ, ಎಡಗೋಡೆಯ ದೇವರ ಫೋಟೋಗಳ ಮುಂದಿನ ಹಲಗೆಯ ಮೇಲಿಟ್ಟಿದ್ದ. ಪೂಜೆ ಮುಗಿಸಿ ಆಟಕ್ಕೆ ಕೂತರೆ, ಎದುರಿಗೆ ಬರಬೇಕಾದ ರಸ್ತೆ ಎಡಕ್ಕೆ ಹೋಗಿ ನಿಂತಿತ್ತು. ಕತ್ತು ತಿರುಚಿಕೊಂಡರೇ ಕಾಣುವುದು.

"ಬೀಳಿಸಿದೀಯ ಕಣೋ ನೀನು," ಎಂದ ನಾಗಭೂಷಣ, ಅಂಗಡಿ ತುಂಬ ಜನ ಇದ್ದಾಗಲೇ.

"ಇಲ್ಲ ಅಣ್ಣ, ದೇವ್ರಾಣೆಗೂ ಇಲ್ಲ."

"ಮತ್ತೆ ತಾನಾಗೇ ಸೊಟ್ಟ ಆಯ್ತೇನ್ಲಾ?"

ಅಷ್ಟಕ್ಕೇ ಬಿಡಲಿಲ್ಲ. ಗುಬ್ಬಿಯಲ್ಲಿ ಅಪ್ಪ ಕೆಂಪಯ್ಯ ದುಡಿಯುವ ಹಿಟ್ಟಿನ ಗಿರಣಿಗೆ ಫೋನ್ ಮಾಡಿ ದೂರು ಹೇಳಿದ. ಅಪ್ಪನಾದರೂ ಒಂದು ಮಾತು ಕೇಳಬೇಡವೇ? "ನಿನ್ ಕೈ ಮೊದ್ಲಿಂದ್ಲೂ ಹಂಗೇ ಅಲ್ವೇನ್ಲಾ" ಎಂದು ಫೋನಿನಲ್ಲೇ ಉಗಿದ. ಆ ಮಾತು ಶಿವಮೂರ್ತಿಯ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು.

ಸಿಟ್ಟಿನಲ್ಲೇ ಹೆಲ್ಮೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿರೇಹಳ್ಳಿಯ ರಿಪೇರಿ ಪುಟ್ಟರಂಗಯ್ಯನ ಹತ್ತಿರ ಹೋದ. ಆತ ಮೇಜಿಗೆ ನೇರವಾಗಿಟ್ಟು ಸ್ವಿಚ್ ಹಾಕಿ, ತಲೆಗೆ ಹಾಕಿಕೊಂಡು, "ಏನೂ ಆಗಿಲ್ವಲ್ಲಯ್ಯ, ನೆಟ್ಟಗೇ ಐತೆ" ಎಂದ. ಶಿವಮೂರ್ತಿಯೂ ನೋಡಿದ. ರಸ್ತೆ ಮೂಗಿನ ನೇರಕ್ಕಿತ್ತು. ಕುಣಿಯುತ್ತ ವಾಪಸು ಬಂದ. ಮರುದಿನ ಅಂಗಡಿ ತೆರೆದು ನೋಡಿದರೆ ಮತ್ತೆ ಎಡಕ್ಕೆ!

"ಬಸ್ಸಲ್ಲೂ ಕೆಡವಿದ್ಯೇನ್ಲಾ?" ಎಂದ ನಾಗಭೂಷಣ. ಅಂಗಡಿಗೆ ಅಂಗಡಿಯೇ ನಕ್ಕಿತು. ಶಿವಮೂರ್ತಿ ಹೊರಗೆ ಹೋಗಿ ಗೋಡೆಗೆ ಗುದ್ದಿ ಬಂದ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಿಂದಿನ ದಿನವಷ್ಟೇ ಸತ್ತಿದ್ದರಿಂದ ಎಲ್ಲವೂ ಆರಿತು. ಕತ್ತು ಎಡಕ್ಕೆ ತಿರುಚಿಕೊಂಡು ಆಡುತ್ತಿದ್ದ ಕುಣಿಗಲ್ಲಿನ ಹುಡುಗ, ಹೆಲ್ಮೆಟ್ ತೆಗೆಯದೆ ಸುಮ್ಮನೆ ಮುಂದಕ್ಕೆ ತಿರುಗಿ ಕೂತ. ಕರೆಂಟ್ ಬಂತು, ಆಟ ಶುರುವಾಯಿತು.

"ಅಣ್ಣಾ, ನೆಟ್ಟಗಾಯ್ತು!" ಎಂದು ಹುಡುಗ ಕಿರುಚಿದ.

ಶಿವಮೂರ್ತಿ ಗೋಡೆ ನೋಡಿದ, ಕುರ್ಚಿ ನೋಡಿದ. ಹುಡುಗ ಇಷ್ಟೊತ್ತು ಕತ್ತು ತಿರುಚಿದ್ದು ಯಾವ ಕಡೆಗೆ? ಸೀದಾ ದೇವರ ಫೋಟೋಗಳ ಕಡೆಗೆ! ಆಯುಧಪೂಜೆಯ ದಿನದಿಂದಲೂ, ಒಮ್ಮೆ ದೇವರ ಮುಂದೆ ಇಟ್ಟದ್ದನ್ನು ಕಂಡಕಂಡಲ್ಲಿ ಇಡಬಾರದೆಂದು, ನಾಗಭೂಷಣ ಹೆಲ್ಮೆಟ್ಟನ್ನು ಆ ಹಲಗೆಯ ಮೇಲೇ ದೇವರಿಗೆ ಮುಖ ಮಾಡಿ ಇಡುತ್ತಿದ್ದ. ಓಡುತ್ತಿರುವ ಮಿಷನ್ನಿಗೇ ಆರತಿ ಎತ್ತಬೇಕೆಂದು ಬೆಳಿಗ್ಗೆ ಅಲ್ಲೇ ಸ್ವಿಚ್ ಹಾಕುತ್ತಿದ್ದ. ಸ್ವಿಚ್ ಹಾಕಿದಾಗ ಹೆಲ್ಮೆಟ್ ಯಾವ ಕಡೆ ನೋಡುತ್ತಿರುತ್ತದೋ ಅದೇ ಅದಕ್ಕೆ ನೇರ!

ಹೇಳಿದರೆ ನಾಗಭೂಷಣ ಸಿಡಿದ. "ನಿನ್ ತಪ್ಪನ್ನ ದೇವ್ರ ತಲೆಗೆ ಕಟ್ತೀಯೇನೋ?"

ಮರುದಿನ ಬೆಳಿಗ್ಗೆ ಮಂಗಳಾರತಿ ಮುಗಿಯುತ್ತಲೇ ಶಿವಮೂರ್ತಿ ಪ್ಲಗ್ಗನ್ನು ಕಿತ್ತ.

"ಅಯ್ಯೋ ಪಾಪಿ, ಆರತಿ ಆದ್ಮೇಲೆ ಆರಿಸ್ತಾರೇನೋ!"

ಕೇಳಿಸದವನಂತೆ ಹೆಲ್ಮೆಟ್ಟನ್ನು ಕುರ್ಚಿಯ ಮೇಲೆ ಮುಂದಕ್ಕೆ ಮುಖ ಮಾಡಿಟ್ಟು ಪ್ಲಗ್ ಸಿಕ್ಕಿಸಿ, "ಹಾಕ್ಕೊಂಡು ನೋಡಿ" ಎಂದ. ನಾಗಭೂಷಣ ಹಾಕಿಕೊಂಡ. ರಸ್ತೆ ಎದುರಿಗೇ ಇತ್ತು. ಕತ್ತು ಎಲ್ಲಿಗೂ ತಿರುಗಲಿಲ್ಲ. ನಿಧಾನವಾಗಿ ತೆಗೆದು, ಮುಖ ಒರೆಸಿಕೊಂಡು ಹೇಳಿದ: "ಹ್ಞೂಂ, ಸರಿಹೋಯ್ತಲ್ಲ, ಬುಡು. ಹೋಗ್ಲಾ ಜಾರ್ಗೈ, ಟೀ ಹೇಳು."

ಶಿವಮೂರ್ತಿ ಹೆಲ್ಮೆಟ್ಟನ್ನು ಕಿತ್ತುಕೊಂಡವನೇ ಎರಡೂ ಕೈಯಲ್ಲಿ ತಲೆಗಿಂತ ಮೇಲೆತ್ತಿದ. ಕೆಳಗೆ ಸಿಮೆಂಟಿನ ನೆಲ.

"ಬೀಳಿಸ್ಲಾ? ಈಗ ನಿಜವಾಗ್ಲೂ ಬೀಳಿಸ್ಲಾ? ಹೆಸರಂತೂ ಇಟ್ಟಾಗಿದೆ, ಕೆಲ್ಸಾನೂ ಮುಗಿಸ್ಬಿಡ್ತೀನಿ!"

"ಲೇ... ಲೇ... ಶಿವಮೂರ್ತಿ! ಕೆಳಗಿಡಪ್ಪಾ!"

"ನಾನು ಬೀಳಿಸಿಲ್ಲ ಅಂತ ಗಟ್ಟಿಯಾಗಿ ಹೇಳಿ. ಬೀರಯ್ಯಂಗೂ ಕೇಳ್ಬೇಕು."

ರಸ್ತೆಯಾಚೆ ಚಿಕ್ಕಬೀರಯ್ಯ ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ನಾಗಭೂಷಣ ಬಾಗಿಲಿಗೆ ಬಂದು ಗಂಟಲು ಹರಿಯುವಂತೆ ಕೂಗಿದ, "ಶಿವಮೂರ್ತಿ ಬೀಳಿಸಿಲ್ಲ ಕಣಯ್ಯಾ! ತಪ್ಪು ನಂದೇ!"

"ಈಗ ಗಿರಣಿಗೆ ಫೋನ್ ಮಾಡಿ."

"ಇಳಿಸೋ ಮೊದ್ಲು, ಜಾರಿಬಿಟ್ರೆ ಗತಿಯೇನೋ!"

"ಜಾರ್ಲಿ. ಮಾಡಿ."

ನಾಗಭೂಷಣ ನಂಬರ್ ಒತ್ತಿದ. ಆ ಕಡೆ ಗಿರಣಿಯ ಸದ್ದು ಕೇಳಿಸಿತು. "ಹಲೋ, ಕೆಂಪಯ್ಯನವ್ರನ್ನ ಕರೀರಿ ಸ್ವಲ್ಪ..." ಅಪ್ಪ ಬಂದು, ಪೂರ್ತಿ ಕೇಳಿಸಿಕೊಂಡು, "ಹಂಗಾರೆ ನನ್ ಮಗ ಕೆಡವಿಲ್ವಾ?" ಎಂದು ಗಿರಣಿಯ ಸದ್ದಿಗೂ ಮೇಲೆ ಕೂಗುವವರೆಗೆ ಶಿವಮೂರ್ತಿ ಕೈ ಇಳಿಸಲಿಲ್ಲ.