ಪೆದ್ದಮ್ಮನ ಹೆಬ್ಬೆಟ್ಟು

ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದದ್ದು ರೋಗ ಪರೀಕ್ಷೆಗೆ ಮಾತ್ರ ಎಂದು ತಿಳಿದಿದ್ದೆವು. ಮೂರು ತಿಂಗಳ ಮೇಲೆ ಆಸ್ಪತ್ರೆಯ ಚೇತನ್ ಕುಮಾರ್ ಎಂಬುವನು ತಿರುಮಣಿಯ ನಮ್ಮ ಮನೆಗೆ ಬಂದು, ಉಳಿದ ರಕ್ತ ವಂಶವಾಹಿ ಸಂಶೋಧನೆಗೆ ಹೋಗಿದೆ, ನೀವೇ ಒಪ್ಪಿದ್ದೀರಿ ಎಂದ.

"ಯಾವನ್ ಒಪ್ಪಿದ್ದು?" ನನ್ನ ಮೈ ಉರಿಯಿತು.

ಅವನು ಕಾಗದ ತೋರಿಸಿದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಹೆಸರು ಓದಬಲ್ಲೆ. ತಾಯಿ: ಪೆದ್ದಮ್ಮ. ಪಕ್ಕದಲ್ಲಿ ಹೆಬ್ಬೆಟ್ಟು.

ನನ್ನ ಹೆಂಡತಿಯ ಹೆಸರು ಮಂಗಳಾ. ಪೆದ್ದಮ್ಮ ಪಕ್ಕದ ಮನೆಯವಳು. ನಮ್ಮ ಮೊದಲ ಮಗು ಹನ್ನೆರಡನೇ ದಿನಕ್ಕೆ ತೀರಿಕೊಂಡಿತ್ತು. ಅದಕ್ಕೇ ಎರಡನೆಯದನ್ನು ವಾರ್ಡಿನಲ್ಲೇ ಮೊರದಲ್ಲಿ ಮಲಗಿಸಿ, ಒಂದು ಹಿಡಿ ತೌಡಿಗೆ ಪೆದ್ದಮ್ಮನಿಗೆ ಮಾರಿದ್ದೆವು. ಹಾಗೆ ಮಾರಿದರೆ ಮಗು ಯಾರದೆಂದು ಸಾವಿಗೆ ಗೊತ್ತಾಗುವುದಿಲ್ಲವಂತೆ. ವರ್ಷ ತುಂಬುವವರೆಗೆ ಅವಳೇ ತಾಯಿ. ನರ್ಸು "ತಾಯಿ ಯಾರು?" ಎಂದಾಗ ನನ್ನವ್ವ ಬೊಮ್ಮಕ್ಕ ಅವಳನ್ನೇ ಮುಂದೆ ತಳ್ಳಿದ್ದಳು.

ಕೂಗಾಟ ಕೇಳಿ ಪೆದ್ದಮ್ಮನೂ ಬಂದಿದ್ದಳು; ಅವಳೆದುರೇ ಇದನ್ನೆಲ್ಲ ಚೇತನ್‌ಗೆ ಹೇಳಿ, "ನಮ್ ರಕ್ತ ವಾಪಸ್ ಕೊಡ್ಸು," ಎಂದೆ.

"ವಾಪಸ್ ಆಗಲ್ಲ. ಬೇಡ ಅಂದ್ರೆ ನಾಶ ಮಾಡ್ತಾರೆ. ಆದ್ರೆ ಹೆತ್ತೋರೇ ಸೈನ್ ಹಾಕ್ಬೇಕು. ಈಯಮ್ಮ ತಾಯಿ ಅಲ್ಲ ಅಂತಾನೂ ಬರೀಬೇಕು."

"ಅಂಗೆ ಬರದ್ರೆ ಮಾರಿದ್ದೇ ಮುರಿದೋಯ್ತದೆ ಕಣ್ಲಾ!" ಅವ್ವ ಕೂಗಿಕೊಂಡಳು. "ಮಗೀಗೆ ಏನಾದ್ರೂ ಆದ್ರೆ ನೀನ್ ಬತ್ತೀಯಾ?"

"ಏಮಪ್ಪಾ, ನಾನೇನ್ ಓದಿದ್ನಾ?" ಪೆದ್ದಮ್ಮನೂ ರೇಗಿದಳು. "ಒತ್ತು ಅಂದ್ರು, ಒತ್ತಿದೆ."

ಯಾರಿಗೆ ಹೊಡೆಯಬೇಕೆಂದೇ ತಿಳಿಯಲಿಲ್ಲ. ಇದೆಲ್ಲ ಮೂಢನಂಬಿಕೆ ಎನ್ನಲು ಬಾಯಿ ತೆರೆದೆ. ಆ ತೌಡು ತಂದವನೇ ನಾನು.

"ಆ ರಕ್ತದಾಗೆ ಏನ್ ನೋಡ್ತಾರೆ?" ಎಂದಳು ಮಂಗಳಾ.

"ಹುಟ್ಟಿದ ಮಕ್ಳು ಯಾಕೆ ಉಳಿಯಲ್ಲ ಅಂತಾನೂ ನೋಡ್ತಾರೆ ಅಕ್ಕ. ನಿಮ್ ಮೊದಲ್ನೇ ಮಗೂಗೆ ಏನಾಗಿತ್ತು ಅಂತ ಗೊತ್ತಾಗುತ್ತೆ ಅಂತ ಹೇಳಕ್ಕಾಗಲ್ಲ."

"ಅವತ್ತು ನನ್ನ ಯಾಕೆ ಕೇಳ್ಲಿಲ್ಲ?"

"ಅವತ್ತು ನೀವು ತಾಯಿ ಆಗಿರ್ಲಿಲ್ವಲ್ಲಕ್ಕಾ."

ನನಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಮಂಗಳಾ ಎದ್ದು ಮಗುವನ್ನು ಪೆದ್ದಮ್ಮನ ಮಡಿಲಿಗೆ ಹಾಕಿದಳು.

"ಮಗ ನಿಂದೇ ಇರ್ಲಿ. ರಕ್ತ ನಂದು." ಚೇತನ್ ಕಡೆ ತಿರುಗಿದಳು. "ತಾಯಿ ಅಲ್ಲ ಅಂತ ಬರೀಬ್ಯಾಡಿ. ಹೆತ್ತೋಳು ಮಂಗಳಾ ಅಂತ ಬರ್ಕಳಿ."

"ರಕ್ತ ಅವ್ರತ್ರಾನೇ ಇರ್ಲಿ ಅಂತೀಯೋ, ಬ್ಯಾಡ ಅಂತೀಯೋ?" ಎಂದೆ.

"ಮೊದ್ಲು ಅವ್ರು ಆ ಕಾಗ್ದ ಪೂರ್ತಿ ಓದಿ ಹೇಳ್ಲಿ."

ಅವನು ಓದತೊಡಗಿದ. ಎರಡನೇ ಸಾಲಿಗೇ ನನಗೆ ಅರ್ಥವಾಗುವುದು ನಿಂತಿತು. ಮಂಗಳಾ ಅವನ ಕೈ ತಡೆದು, "ಇನ್ನೊಂದ್ಸಲ ಹೇಳಿ," ಎಂದಳು.