ಸುಗಲಮ್ಮನ ಮೊಣಕಾಲು

ಮಲ್ಲಣ್ಣ ಅತ್ತಿಗೆಯ ಬಲಗಾಲನ್ನು ಹಿಡಿದು ಮಡಚಲು ಹೋದಾಗ ತಾರಾ ಅವನ ಕೈಮೇಲೆ ತನ್ನ ಕೈಯಿಟ್ಟಳು.

"ಬ್ಯಾಡ್ರಿ ಕಾಕಾ. ಅವ್ವನ ಮೊಣಕಾಲು ಅಷ್ಟು ಮಡಚಂಗಿಲ್ಲ."

"ಪದ್ಮಾಸನ ಹಾಕಲಾರದ ಹ್ಯಾಂಗ ಕುಂದ್ರಸೂದು ತಾರಾ? ಮೈ ಬಿಗಿಯೂದ್ರಾಗ ಆಗಬೇಕು. ಜರಾ ಒತ್ತಿದ್ರ ಬರ್ತೈತಿ."

"ಒತ್ತೂದು ಬ್ಯಾಡ್ರಿ."

ಮಲ್ಕಾಜ್‌ಗಿರಿಯ ಆ ಎರಡು ಕೋಣೆಯ ಮನೆಯಲ್ಲಿ ಸುಗಲಮ್ಮ ತೀರಿಕೊಂಡು ಇನ್ನೂ ಎರಡು ತಾಸಾಗಿರಲಿಲ್ಲ. ಎಪ್ಪತ್ತೊಂದರ ಹೆಂಗಸು, ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದುಕೊಂಡು ಒರಗಿದವಳು ಏಳಲೇ ಇಲ್ಲ. ಸುಲ್ತಾನ್ ಬಜಾರಿನ ತನ್ನ ಬಟ್ಟೆ ಅಂಗಡಿಯ ಬಾಗಿಲನ್ನೂ ತೆರೆಯದೆ ಮೈದುನ ಮಲ್ಲಣ್ಣ ಓಡಿಬಂದಿದ್ದ. ಅವರ ಲಿಂಗಾಯತ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ; ಪೂಜೆಗೆ ಕೂತ ಹಾಗೆ ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಸುಗಲಮ್ಮನ ಗಂಡನನ್ನೂ ಹಾಗೆಯೇ ಕೂರಿಸಿದ್ದರು.

"ಕಾಲು ಚಾಚಿ ಮಣ್ಣು ಮಾಡಿದ್ರು ಅಂತ ನಾಳೆ ಮಂದಿ ಆಡ್ಕೋತಾರ. ಮ್ಯಾಲ ಹ್ವಾದಾಗ ಅಣ್ಣಗ ನಾ ಹ್ಯಾಂಗ ಮಾರಿ ತೋರಿಸ್ಲಿ?" ಎಂದ ಮಲ್ಲಣ್ಣ. ಅವನ ಕಣ್ಣು ತುಂಬಿದ್ದವು. ಅವನದು ಹಟವಲ್ಲ, ಹೆದರಿಕೆ.

ತಾರಾಳದೂ ಹೆದರಿಕೆಯೇ. ಅವ್ವ ಹನ್ನೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡ ಮೊಣಕಾಲು ಅದು. ಇವತ್ತು ಅದು ಲಟಕ್ಕೆಂದರೆ ಆ ಸದ್ದು ತಾನಿರುವವರೆಗೆ ತನ್ನನ್ನು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

* * *

ಗಂಡ ಹೋದ ಮೇಲೆ ಸುಗಲಮ್ಮ ರೊಟ್ಟಿ ಬಡಿದು ಮನೆ ನಡೆಸಿದಳು. ರೈಲ್ವೆ ಕೆಲಸದವರು ಡಬ್ಬಿಗೆ ಅವಳ ಜೋಳದ ರೊಟ್ಟಿಯನ್ನೇ ಒಯ್ಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ ಬರುವಾಗ ಮೊಣಕಾಲು ಸವೆದು, ನೆಲದಿಂದ ಏಳಬೇಕಾದರೆ ಗೋಡೆ ಹಿಡಿದು ಇದ್ದಬಿದ್ದ ದೇವರನ್ನೆಲ್ಲ ಕರೆಯುವಂತಾಯಿತು. ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಸವೆದದ್ದು ಮರಳಿ ಬರುವುದಿಲ್ಲ, ಆಪರೇಷನ್ನಿಗೆ ಈಗಲೇ ಅವಸರವೂ ಇಲ್ಲ. ತೂಕ ಇಳಿಸಿ, ತೊಡೆಗೆ ಬಲ ತಂದುಕೊಳ್ಳಿ, ನೆಲದ ಮೇಲೆ ಕೂರಬೇಡಿ ಎಂದರು.

ನೆಲದಲ್ಲಿ ಕೂರದೆ ರೊಟ್ಟಿ ಬಡಿದವರನ್ನು ಸುಗಲಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆದರೂ ಮರುದಿನವೇ ಗೌಂಡಿಯನ್ನು ಕರೆಸಿ ಸೊಂಟದೆತ್ತರ ಕಟ್ಟೆ ಕಟ್ಟಿಸಿದಳು. ನಿಂತು ಬಡಿದ ರೊಟ್ಟಿ ಮೊದಲ ವಾರ ಒಂದೂ ದುಂಡಗೆ ಬರಲಿಲ್ಲ.

"ಸುಗಲಕ್ಕಾ, ಇದು ರೊಟ್ಟಿನೋ, ರಾಯಚೂರು ಜಿಲ್ಲಾದ ನಕ್ಷಾನೋ?" ಎಂದು ಜೊತೆಗೆ ರೊಟ್ಟಿ ಬಡಿಯುವ ಗಂಗಾಬಾಯಿ ನಕ್ಕಳು.

"ನಕ್ಷಾಕ್ಕೂ ಪಲ್ಯ ಹಚ್ಚಿದ್ರ ಹೊಟ್ಟಿ ತುಂಬತೈತಿ. ತಿನ್ನು."

ತಿಂಗಳು ತುಂಬುವುದರೊಳಗೆ ರೊಟ್ಟಿ ದುಂಡಗಾಯಿತು. ನಕ್ಕ ಗಂಗಾಬಾಯಿಯೂ ನೆಲ ಬಿಟ್ಟು ಕಟ್ಟೆಗೆ ಬಂದಳು.

ದಿನಾ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿ ಹಿಡಿದು, ಹತ್ತು ಎಣಿಸಿ ಇಳಿಸುವುದು ಅವಳ ವ್ಯಾಯಾಮ. ಆಸ್ಪತ್ರೆಯಲ್ಲಿ ಅದನ್ನು ಕಲಿಸಿದ ಹುಡುಗಿ ತೆಲುಗಿನವಳಾದ್ದರಿಂದ ಇವಳ ಲೆಕ್ಕವೂ ಒಕಟಿ, ರೆಂಡು, ಮೂಡು. ಕನ್ನಡದಲ್ಲಿ ಎಣಿಸಿದರೆ ಎಲ್ಲಿ ಗುಣ ಹೊರಟುಹೋಗುತ್ತದೋ ಎಂಬಂತೆ ಕೊನೆಯವರೆಗೆ ಹಾಗೆಯೇ ಎಣಿಸಿದಳು. ಮೈತೂಕ ಹನ್ನೊಂದು ಕಿಲೋ ಇಳಿಸಿದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ನಿನ್ನೆಯವರೆಗೂ ತನ್ನ ಕಾಲ ಮೇಲೆ ತಾನು ನಿಂತಿದ್ದಳು. ಹೇಳುವುದು ಸುಲಭ, ಹನ್ನೆರಡು ವರ್ಷ ಒಂದು ದಿನ ತಪ್ಪಿಸದೆ ಮಾಡಿದವರಿಗೇ ಅದರ ಬೆಲೆ ಗೊತ್ತು.

* * *

ಹತ್ತು ಗಂಟೆಗೆ ಕಾಶಿನಾಥಯ್ಯನವರು ವಿಭೂತಿ ಗಟ್ಟಿ ಹಿಡಿದು ಬಂದರು. ಸಂಸ್ಕಾರ ಮಾಡಿಸುವವರು ಅವರು. ಅವರ ಮಾತೇ ಕೊನೆ. ಮಲ್ಲಣ್ಣ ಹೇಳಿದ್ದನ್ನೆಲ್ಲ ಕೇಳಿ ತಾರಾಳ ಕಡೆ ತಿರುಗಿದರು.

"ಅವ್ವಾರು ಪೂಜಾ ಹ್ಯಾಂಗ ಮಾಡ್ತಿದ್ರವಾ?"

"ಕುರ್ಚಿ ಮ್ಯಾಲ ಕುಂತು, ಕಾಲು ಮುಂದ ಚಾಚಿ ಮಾಡ್ತಿದ್ಳರಿ. ಲಿಂಗ ಅಂಗೈಯಾಗ ಇರ್ತೈತಿ, ಮೊಣಕಾಲಾಗಲ್ಲ ಅಂತಿದ್ಳು."

"ಮದುವಿ ಪಂಕ್ತ್ಯಾಗೂ ಕುರ್ಚಿ ಕೇಳಿ ಇಸ್ಕೊಂಡಾಕಿರಿ ಆಕಿ. ಒಂದಿನಾ ನಾಚಲಿಲ್ಲ," ಎಂದಳು ಬಾಗಿಲಲ್ಲಿ ನಿಂತ ಗಂಗಾಬಾಯಿ, ಕಣ್ಣೊರೆಸಿಕೊಳ್ಳುತ್ತ.

ಅಯ್ಯನವರು ಸುಗಲಮ್ಮನ ಹಣೆಗೆ ವಿಭೂತಿ ಹಚ್ಚಿದರು.

"ಬೆನ್ನು ನೆಟ್ಟಗ ಇರ್ಲಿ, ಲಿಂಗ ಕೈಯಾಗ ಇರ್ಲಿ. ಕಾಲು ಹ್ಯಾಂಗ ಬರ್ತಾವೋ ಹಂಗ. ಕುಣಿ ಮುಂದಕ್ಕ ಎರಡು ಮೊಳ ಹೆಚ್ಚಿಗಿ ತೆಗಿಯಾಕ ಹೇಳ್ರಿ ಮಲ್ಲಣ್ಣಾರ."

ಮಲ್ಲಣ್ಣ ಎದ್ದು ಹೊರಗೆ ಹೋದ. ಗುಂಡಿ ತೋಡುವವರಿಗೆ ಫೋನನ್ನು ತಾರಾಳೇ ಮಾಡಬೇಕಾಯಿತು.

* * *

ಮಧ್ಯಾಹ್ನ ಮನೆಯ ಹಿರಿಯನಾಗಿ ಕುಣಿಗೆ ಇಳಿದವನು ಮಲ್ಲಣ್ಣನೇ. ಮೇಲಿನವರು ಸುಗಲಮ್ಮನನ್ನು ಇಳಿಸಿಕೊಟ್ಟರು. ಅವನು ಬೆನ್ನನ್ನು ಮಣ್ಣಿನ ಗೋಡೆಗೆ ಆನಿಸಿದ, ಅಂಗೈಯಲ್ಲಿ ಲಿಂಗವಿಟ್ಟ. ಕಾಲುಗಳು ಮುಂದಕ್ಕೆ ಚಾಚಿಕೊಂಡೇ ಇದ್ದವು. ತಾರಾ ಅಂಚಿನಲ್ಲಿ ಕೂತು ಕೆಳಗೆ ಬಗ್ಗಿ ನೋಡಿದಳು. ಇಷ್ಟು ಆಳದಲ್ಲಿ ಕಾಕಾನ ಕೈ ತಡೆಯಲು ಯಾರೂ ಇರಲಿಲ್ಲ.

ಮಲ್ಲಣ್ಣ ಆ ಕಾಲುಗಳನ್ನು ನೋಡುತ್ತ ನಿಂತ. ಆಮೇಲೆ ತಲೆಯೆತ್ತಿದ.

"ತಾರಾ, ಯಾವ ಕಾಲು ಭಾಳ ನೋಯ್ತಿತ್ತು?"

"ಎಡದ್ದು, ಕಾಕಾ."

ಅವನು ಕುಕ್ಕರುಗಾಲಲ್ಲಿ ಕೂತು, ಎಡಗಾಲಿನ ಮೊಣಕಾಲ ಕೆಳಗೆ ಒಂದು ಕೈ ಕೊಟ್ಟು ಸ್ವಲ್ಪವೇ ಎತ್ತಿದ. ಇನ್ನೊಂದು ಕೈಯಿಂದ ಕೆಳಗಿನ ಮಣ್ಣನ್ನು ತಡವಿ, ಸಿಕ್ಕ ಹರಳುಗಳನ್ನು ಒಂದೊಂದಾಗಿ ಆರಿಸಿ ಮೇಲಕ್ಕೆ ಎಸೆಯತೊಡಗಿದ.