ಕೌಸಲ್ಯಮ್ಮ ಹೇಳದೆ ಬಿಟ್ಟದ್ದು

ಕೌಸಲ್ಯಮ್ಮ ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವರು. ಕಪ್ಪೆಯ ಹೊಟ್ಟೆ ಕೊಯ್ದು ಒಳಗಿರುವುದನ್ನೆಲ್ಲ ಹೆಸರು ಹಿಡಿದು ತೋರಿಸುತ್ತಿದ್ದ ಗಟ್ಟಿಗಿತ್ತಿ. ಅಂಥವರ ಬಾಯಿಂದಲೂ ಒಂದೇ ಒಂದು ಪದ ಹೊರಡಲಿಲ್ಲವೆಂದರೆ ಏನು ಹೇಳೋಣ!

ಕುಣಿಗಲ್ಲಿನಲ್ಲಿದ್ದ ಅವರ ತಂಗಿ ರಾಧಮ್ಮ, ಎದೆಯ ಗಂಟನ್ನು ಒಂದು ವರ್ಷ ಸೆರಗಿನಡಿ ಮುಚ್ಚಿಟ್ಟುಕೊಂಡು, ಬೆಂಗಳೂರಿನ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಕೈಮೀರಿ ತೀರಿಕೊಂಡಿದ್ದಳು. ಅಂಥ ಗಂಟನ್ನು ಮೊದಲೇ ಪತ್ತೆ ಹಚ್ಚುವ ಎಕ್ಸ್‌ರೇ ಯಂತ್ರವೊಂದಿದೆ, ಊರವರು ಹಣ ಕೂಡಿಸಿದರೆ ನಮ್ಮ ಟ್ರಸ್ಟ್ ಆಸ್ಪತ್ರೆಗೂ ತರಿಸಬಹುದು ಎಂದು ತುಮಕೂರಿನ ಲೇಡಿ ಡಾಕ್ಟರು ಹೇಳಿದ್ದೇ ತಡ, ಕೌಸಲ್ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟುಬಿಟ್ಟರು. ಅದು ಎಂಬತ್ತಾರರ ಬೇಸಿಗೆ.

ಹೋದ ಮನೆಗಳಲ್ಲೆಲ್ಲ ಜಗಲಿಯ ಮೇಲೆ ಗಂಡಸರು. ಅವರೆದುರು ಆ ಮಾತೆತ್ತುವುದು ಹೇಗೆ? ‘ಹೆಂಗಸರ ಮಿಷನ್ನು’ ಎಂದರು. ಕರಪತ್ರದಲ್ಲೂ ಹಾಗೆಯೇ ಅಚ್ಚಾಯಿತು. ಮನೆಯಾಕೆ ಒಳಗೆ ಕರೆದು ಅರಿಶಿನ ಕುಂಕುಮ ಕೊಡುವಾಗ ಅಲ್ಲಿ ಗಂಡಸಿನ ಸುಳಿವೂ ಇರುತ್ತಿರಲಿಲ್ಲ. ಅಲ್ಲೂ ‘ಹೆಂಗಸರ ಮಿಷನ್ನು’ ಎಂದೇ ಹೇಳಿ ಬಂದರು. ಜನ ಅದನ್ನು ಹೆರಿಗೆಯದ್ದು ಎಂದುಕೊಂಡು ಧಾರಾಳವಾಗಿ ಕೊಟ್ಟರು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯನವರದೇ ಅರ್ಧ ಪಾಲು.

ಶ್ರಾವಣದಲ್ಲಿ ಆಸ್ಪತ್ರೆಯ ಹಾಲ್‌ನಲ್ಲಿ ಸಭೆ ಸೇರಿತು. ಟ್ರಸ್ಟಿನ ಅಧ್ಯಕ್ಷ ಅನಂತರಾಮಯ್ಯನವರು, ದಾನಿಗಳ ಇಚ್ಛೆಯಂತೆ ಈ ಹಣದಲ್ಲಿ ಹೆರಿಗೆ ವಾರ್ಡನ್ನು ಹೊಸದು ಮಾಡುವುದೆಂದು ಠರಾವು ಓದಿ, ಸಹಿಗೆ ಪೆನ್ನು ತೆಗೆದರು. ಆ ಸಹಿ ಬಿದ್ದರೆ ಯಂತ್ರದ ಮಾತು ಅಲ್ಲಿಗೇ ಮುಗಿಯಿತು. ಕೌಸಲ್ಯಮ್ಮ ಎದ್ದು ನಿಂತು, ಇದು ಹೆರಿಗೆಯ ಹಣವಲ್ಲ ಎಂದರು. ಮತ್ತೇನಕ್ಕೆ ಎಂದು ಅಧ್ಯಕ್ಷರು ಕೇಳಿದಾಗ, ಮತ್ತೆ ‘ಹೆಂಗಸರ ಮಿಷನ್ನಿಗೆ’ ಎಂದಷ್ಟೇ ಹೇಳಿದರು.

ವೇದಿಕೆಯ ಮೇಲಿದ್ದ ವೆಂಕಟರಂಗಯ್ಯ ಕತ್ತೆತ್ತಿದರು. “ನಾನು ಕೊಟ್ಟಿದ್ದು ಬಾಣಂತೀರ್ಗೆ ಕಣಮ್ಮ. ಬೇರೇದಕ್ಕೆ ಅನ್ನಂಗಿದ್ರೆ ವಾಪಸ್ ಕೊಟ್‌ಬುಡಿ.”

ಮನುಷ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪೆನ್ನು ಕಾಗದಕ್ಕೆ ತಾಗಿತು. ಕೌಸಲ್ಯಮ್ಮ ಮುಂದಿನ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡರು.

“ತಪ್ಪು ನಂದು. ನಾಚ್ಕೊಂಡು ಬಾಯ್ಬಿಟ್ಟು ಹೇಳ್ಲಿಲ್ಲ. ಅದು ಮೊಲೇಲಿ ಗಂಟಿದ್ರೆ ತೋರ್ಸೋ ಮಿಷನ್ನು. ನನ್ ತಂಗಿ ಮೊಲೇಲಿ ಗಂಟಾಗಿ ಸತ್ಲು. ನೋವಿಲ್ಲ ಅಂತ ಯಾರಿಗೂ ಹೇಳ್ಲಿಲ್ಲ ಅವ್ಳು.”

ಗಂಡಸರು ತಲೆ ತಗ್ಗಿಸಿದರು. ಅಧ್ಯಕ್ಷರಂತೂ ಬೆವರು ಒರೆಸಿಕೊಂಡರು, ಪಾಪ.

ಆಗ ಮೊದಲ ಸಾಲಿನಲ್ಲಿದ್ದ ಹೆಂಗಸೊಬ್ಬರು ತಿರುಗಿದರು. ವೆಂಕಟರಂಗಯ್ಯನವರ ಹೆಂಡತಿ ದೊಡ್ಡಗಂಗಮ್ಮ. ನೋವಿಲ್ಲದಿದ್ದರೂ ಅದು ಕೆಟ್ಟದ್ದೇ ಎಂದು ಮೆಲ್ಲಗೆ ಕೇಳಿದರು. ನೋವಿಲ್ಲದಿರುವುದೇ ಅದರ ಮೋಸ ಎಂದರು ಕೌಸಲ್ಯಮ್ಮ.

ದೊಡ್ಡಗಂಗಮ್ಮನ ಕೈ ತಾನಾಗಿ ಸೆರಗಿನ ಮೇಲೆ ಹೋಯಿತು. ಅದನ್ನು ಗಂಡ ವೇದಿಕೆಯ ಮೇಲಿನಿಂದ ಕಂಡರು. ಠರಾವಿನ ಹಾಳೆಯನ್ನು ಅಧ್ಯಕ್ಷರ ಕೈಯಿಂದ ಎಳೆದುಕೊಂಡು, ಆ ಮಿಷನ್ನಿಗೇ ಬರೆದುಕೊಳ್ಳಿ ಎಂದು ಹೇಳಿ ಮೆಟ್ಟಿಲಿಳಿದು ಬಂದರು.

ಕೌಸಲ್ಯಮ್ಮ ಗೆದ್ದಿದ್ದರು. ಅಕ್ಕಪಕ್ಕದ ಹೆಂಗಸರು ಅವರ ಕೈ ಹಿಡಿದುಕೊಂಡರು. ಲೇಡಿ ಡಾಕ್ಟರನ್ನು ಕರೆತರಲು ಯಾರೋ ಓಡಿದರು.

ಗಂಡನ ಆಸರೆಯಲ್ಲಿ ಎದ್ದ ದೊಡ್ಡಗಂಗಮ್ಮ, ಕೌಸಲ್ಯಮ್ಮನ ಮುಂದೆ ಬಂದು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಯುಗಾದಿಯಿಂದ ಐತೆ ಕಣಮ್ಮ. ನೀವು ನಮ್ಮನೇಗೆ ಬಂದು ಕುಂಕುಮ ಇಸ್ಕೊಂಡ್ರಲ್ಲ, ಆಗ್ಲೂ ಇತ್ತು. ಒಳಗೆ ನಾವಿಬ್ರೇ ಇದ್ವಿ.”